ಮನೆಯೋ ಆಫೀಸೋ, ಬಾಯಿಮಾತು ಬೇಡ, ಬರೆದು ಕೊಡಿ

ಮಾನ್ಯ ಸಂಪಾದಕರೇ,

ಮನೆಯಿಂದ ಕೆಲಸವೋ, ಆಫೀಸಿಗೆ ಹೋಗಿ ಕೆಲಸವೋ ಅಂತ ಪತ್ರಿಕೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಜಗಳ ನಡೆಯುತ್ತಲೇ ಇದೆ. 'ಇವರೆಲ್ಲ ಮನೆಯಲ್ಲಿ ಮಲಗಿಕೊಂಡು ಸಂಬಳ ಎಣಿಸುತ್ತಾರೆ' ಅಂತ ಒಂದು ಕಡೆ. 'ಟ್ರಾಫಿಕ್‌ನಲ್ಲಿ ಕೂರಿಸಿ ಜೀವ ತೆಗೆಯುತ್ತಾರೆ' ಅಂತ ಇನ್ನೊಂದು ಕಡೆ. ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್. ಅಂದರೆ 'ಮುಂದಿನ ತಿಂಗಳಿಂದ ಎಲ್ಲರೂ ಆಫೀಸಿಗೆ ಬರಬೇಕು' ಅನ್ನುವ ಮೇಲ್ ಬರುತ್ತದಲ್ಲ, ಅದನ್ನು ಟೈಪ್ ಮಾಡುವವರು ನಮ್ಮಂಥವರು. ಅದಕ್ಕೆ ಬರುವ ಬೈಗುಳ ಓದುವವರೂ ನಾವೇ.

ವಾರಕ್ಕೆ ಮೂರು ದಿನವೋ ಐದು ದಿನವೋ ಅನ್ನುವ ಬಗ್ಗೆ ನನ್ನ ತಕರಾರಿಲ್ಲ. ಅದು ಆಯಾ ಕೆಲಸದ ಮೇಲೆ ಹೋಗುತ್ತದೆ. ತಕರಾರು ಇಷ್ಟೇ: ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನುವಷ್ಟು ದೊಡ್ಡ ವಿಷಯವನ್ನು ಕಂಪನಿಗಳೂ ಬರೆದು ಕೊಡುವುದಿಲ್ಲ, ಉದ್ಯೋಗಿಗಳೂ ಬರೆಸಿಕೊಳ್ಳುವುದಿಲ್ಲ. ಆಮೇಲೆ ಇಬ್ಬರೂ ಸೇರಿ ನಂಬಿಕೆದ್ರೋಹ ಅಂತ ಕೂಗಾಡುತ್ತಾರೆ.

ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ. ಬಹುತೇಕ ಎಲ್ಲ ಪತ್ರಗಳಲ್ಲೂ ಒಂದು ಸಾಲು ಇರುತ್ತದೆ. ನಿಮ್ಮ ಕೆಲಸದ ಸ್ಥಳ ಬೆಂಗಳೂರು, ಕಂಪನಿಗೆ ಅಗತ್ಯ ಬಿದ್ದರೆ ದೇಶದೊಳಗೆ ಅಥವಾ ಹೊರಗೆ ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದು, ಅದಕ್ಕೆ ನಿಮ್ಮ ಒಪ್ಪಿಗೆ ಇದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಜನ ಅಗ್ರಿಮೆಂಟ್ ಹಿಡಿದುಕೊಂಡು ಓನರ್ ಜೊತೆ ಎಷ್ಟು ಜಗ್ಗಾಡುತ್ತಾರೆ ನೋಡಿ: ಅಡ್ವಾನ್ಸ್ ಎಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುತ್ತೀರಿ, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ. ಅದೇ ಜನ ಜೀವನ ನಡೆಸುವ ಕೆಲಸದ ಪತ್ರಕ್ಕೆ ಸಂಬಳದ ಅಂಕಿ ಒಂದು ನೋಡಿ ಸಹಿ ಹಾಕಿಬಿಡುತ್ತಾರೆ. ನನ್ನ ಎದುರಿಗೇ ಹಾಕಿದ್ದಾರೆ.

2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆ ಆಯಿತು. ಅದಕ್ಕೂ ಕೆಲವು ದಿನ ಮೊದಲೇ ಕಂಪನಿಗಳು ಲ್ಯಾಪ್‌ಟಾಪ್ ಇಲ್ಲದವರ ಮನೆಗೆ ಡೆಸ್ಕ್‌ಟಾಪ್‌ಗಳನ್ನೇ ಕ್ಯಾಬ್‌ನಲ್ಲಿ ತುಂಬಿ ಕಳಿಸಿದ್ದವು. ಆಗ ಹೋದ ಮೇಲ್‌ನಲ್ಲಿ 'ಮುಂದಿನ ಸೂಚನೆಯವರೆಗೆ' ಅಂತ ಇತ್ತು. ಆ ಸೂಚನೆ ಬರುವುದಕ್ಕೆ ಎಷ್ಟೋ ಕಡೆ ಮೂರು ವರ್ಷ ಹಿಡಿಯಿತು. ಮೂರು ವರ್ಷದಲ್ಲಿ ಜನ ಸುಮ್ನೆ ಕೂರುವುದಿಲ್ಲವಲ್ಲ. ಬೆಂಗಳೂರಿನ ಮನೆ ಖಾಲಿ ಮಾಡಿ ಸಾಮಾನು ಸಾಗಿಸಿದರು. ಸಾಗರದಲ್ಲಿ, ಪುತ್ತೂರಿನಲ್ಲಿ, ಹಾಸನದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿದರು. ಅಪ್ಪ ಅಮ್ಮನ ಆಸ್ಪತ್ರೆ ಓಡಾಟ ನೋಡಿಕೊಂಡರು, ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯಲ್ಲೇ ಇದ್ದರು. ಕೆಲವರು ಊರಿನಲ್ಲಿ ಸಾಲ ಮಾಡಿ ಮನೆಯನ್ನೂ ಕಟ್ಟಿಸಿದರು. ಕಂಪನಿಯ ಕಡತದಲ್ಲಿ ಮಾತ್ರ ಅವರ ಕೆಲಸದ ಸ್ಥಳ ಬೆಂಗಳೂರು ಅಂತಲೇ ಉಳಿಯಿತು.

ಇನ್ನೊಂದು ಗುಂಪು 2021ರಲ್ಲಿ ಸೇರಿಕೊಂಡವರದ್ದು. ಆ ವರ್ಷ ಐಟಿಯಲ್ಲಿ ಜನರಿಗೆ ಎಷ್ಟು ಬೇಡಿಕೆ ಇತ್ತೆಂದರೆ ಒಬ್ಬೊಬ್ಬರ ಕೈಯಲ್ಲಿ ನಾಲ್ಕು ಆಫರ್ ಇರುತ್ತಿದ್ದವು, ಸೇರುವ ದಿನ ಬೆಳಿಗ್ಗೆ ಫೋನ್ ಎತ್ತುತ್ತಿರಲಿಲ್ಲ. ಜನರನ್ನು ತರುವ ಟಾರ್ಗೆಟ್ ಇದ್ದ ನೇಮಕಾತಿ ಏಜೆನ್ಸಿಯವರು ಫೋನಿನಲ್ಲಿ ಏನು ಬೇಕಾದರೂ ಹೇಳಿದರು. 'ಪರ್ಮನೆಂಟ್ ರಿಮೋಟ್ ಸರ್, ಆಫೀಸಿಗೆ ಬರುವ ಪ್ರಶ್ನೆಯೇ ಇಲ್ಲ.' ಆಫರ್ ಲೆಟರ್‌ನಲ್ಲಿ ಆ ಮಾತು ಎಲ್ಲಿದೆ ಅಂತ ಹುಡುಕಿದವರು ಕಡಿಮೆ. ಹಾಗೆ ಹೇಳಿದವರು ಈಗ ಆ ಏಜೆನ್ಸಿಯಲ್ಲೇ ಇಲ್ಲ. ಉದ್ಯೋಗಿ ನಮ್ಮ ಮುಂದೆ ಬಂದು 'ಮೇಡಂ, ನನಗೆ ಮಾತು ಕೊಟ್ಟಿದ್ದರು' ಅಂದಾಗ ನಾನು ಏನು ಹೇಳಲಿ? ಅವರು ಹೇಳುವುದು ಸುಳ್ಳಲ್ಲ ಅಂತ ನನಗೂ ಗೊತ್ತಿರುತ್ತದೆ. ತೋರಿಸುವುದಕ್ಕೆ ಕಾಗದ ಇಲ್ಲ, ಅಷ್ಟೇ.

ಕಂಪನಿಗಳೂ ಈ ವಿಷಯದಲ್ಲಿ ಪೂರ್ತಿ ನೇರವಾಗಿ ನಡೆದುಕೊಂಡಿಲ್ಲ. 'ಕಾನೂನು ಒಪ್ಪುವುದಿಲ್ಲ, ಅದಕ್ಕೇ ಕರೆಯುತ್ತಿದ್ದೇವೆ' ಅಂತ ಬಹಳ ಕಡೆ ಹೇಳಿದರು. ಯಾವ ಕಾನೂನು ಅಂತ ಕೇಳಬೇಕಿತ್ತು. ಕಾಲ್ ಸೆಂಟರ್, ಬಿಪಿಒಗಳಿಗೆ ದೂರಸಂಪರ್ಕ ಇಲಾಖೆಯ ಬಿಗಿ ನಿಯಮಗಳಿದ್ದದ್ದು ನಿಜ. ಅವನ್ನು 2020ರ ನವೆಂಬರ್‌ನಲ್ಲೇ ಸಡಿಲ ಮಾಡಿದರು, 2021ರಲ್ಲಿ ಇನ್ನಷ್ಟು ಸಡಿಲ ಮಾಡಿದರು. ವಿಶೇಷ ಆರ್ಥಿಕ ವಲಯದ ಒಳಗಿರುವ ಕಂಪನಿಗಳ ಕಥೆ ಬೇರೆ. ಆ ವಲಯಕ್ಕೆ ತೆರಿಗೆ ಸೌಲಭ್ಯ ಕೊಟ್ಟಿರುವುದೇ ಅಲ್ಲಿ ಕೂತು ಕೆಲಸ ಮಾಡಿ ಅಂತ, ಹಾಗಾಗಿ ಮನೆಯಲ್ಲಿ ಕೂತರೆ ಹೇಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೂ 2022ರ ಜುಲೈನಲ್ಲಿ 43ಎ ಅನ್ನುವ ಹೊಸ ನಿಯಮ ತಂದು ಅರ್ಧದಷ್ಟು ಸಿಬ್ಬಂದಿಗೆ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಟ್ಟರು, ಅದೇ ವರ್ಷ ಡಿಸೆಂಬರ್‌ನಲ್ಲಿ ಎಲ್ಲರಿಗೂ ಕೊಡಬಹುದು ಅಂದರು. ಅಂದರೆ ಸರ್ಕಾರ ಬಾಗಿಲು ತೆರೆದೇ ಇಟ್ಟಿತ್ತು. ಕರೆಯುವುದು ಕಂಪನಿಯ ತೀರ್ಮಾನ, ಅದನ್ನು ತನ್ನ ತೀರ್ಮಾನ ಅಂತಲೇ ಹೇಳಿದ್ದರೆ ಜನ ಅಷ್ಟು ಸಿಟ್ಟಾಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ದೊಡ್ಡ ಕಂಪನಿಗಳು ಏನು ಮಾಡಿದವು ಅಂತ ಎಲ್ಲರಿಗೂ ಗೊತ್ತು. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಬನ್ನಿ ಅಂತು. 2024ರಲ್ಲಿ ಹಾಜರಾತಿಯನ್ನು ವೇರಿಯಬಲ್ ಪೇಗೆ (ಮೂಲ ಸಂಬಳದ ಜೊತೆ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಕೊಡುವ ಹಣಕ್ಕೆ) ಕಟ್ಟಿಹಾಕಿತು: ಹಾಜರಾತಿ ಶೇ 60ಕ್ಕಿಂತ ಕಡಿಮೆಯಾದರೆ ಆ ಮೂರು ತಿಂಗಳ ಹಣ ಇಲ್ಲ, ಪೂರ್ತಿ ಬೇಕಾದರೆ ಶೇ 85 ದಾಟಬೇಕು. ವಿಪ್ರೋ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಅಂತು. ಇನ್ಫೋಸಿಸ್ ತಿಂಗಳಿಗೆ 10 ದಿನದ ಲೆಕ್ಕ ಇಟ್ಟುಕೊಂಡಿತು. ಅಮೆಜಾನ್ 2025ರ ಜನವರಿಯಿಂದ ಪೂರ್ತಿ ಐದು ದಿನ ಅಂತು. ಇವುಗಳಲ್ಲಿ ನನಗೆ ಹಿಡಿಸಿದ್ದು ತಿಂಗಳ ಲೆಕ್ಕ. ಒಂದು ವಾರ ಮಗುವಿಗೆ ಜ್ವರ ಬಂದರೆ ಮುಂದಿನ ವಾರ ಸರಿದೂಗಿಸಿಕೊಳ್ಳಬಹುದು. ಆದರೆ ಇವೆಲ್ಲವೂ ಮೇಲಿಂದ ಇಳಿದ ಆದೇಶಗಳು. ಮಾತುಕತೆ ಅಂತ ಕರೆಯುವಂಥದ್ದು ಇಲ್ಲಿ ಎಲ್ಲೂ ಆಗಿಲ್ಲ.

ಬೆಂಗಳೂರಿನಲ್ಲಿ ಇದು ಬೇರೆ ಊರಿಗಿಂತ ಜಾಸ್ತಿ ಉರಿಯುವುದಕ್ಕೆ ಕಾರಣ ಯಾರಿಗೂ ವಿವರಿಸಬೇಕಾಗಿಲ್ಲ. ನಗರಗಳ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್. ಅದು ಸರಾಸರಿ. ಮಳೆ ಬಂದ ಸಂಜೆ ಬೆಳ್ಳಂದೂರಿನಿಂದ ಮಾರತ್ತಹಳ್ಳಿ ಕಡೆ ಹೊರಟವರು ಈ ಅಂಕಿ ಕೇಳಿದರೆ ನಗುತ್ತಾರೆ. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಬಂತು. ಐಟಿಯವರು ಅತಿ ಹೆಚ್ಚು ಇರುವ ಹೊರವರ್ತುಲ ರಸ್ತೆಯ ಜನ ಮಾತ್ರ ಕಂಬಗಳನ್ನು ನೋಡುತ್ತಾ ವರ್ಷ ಕಳೆದರು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. 2024ರ ಅಕ್ಟೋಬರ್‌ನಲ್ಲಿ ಮಳೆ ಹೊಡೆದಾಗ ಸರ್ಕಾರವೇ ಐಟಿ ಕಂಪನಿಗಳಿಗೆ 'ಇವತ್ತು ಮನೆಯಿಂದ ಕೆಲಸ ಮಾಡಿಸಿ' ಅಂತ ಕೇಳಿಕೊಂಡಿತ್ತು. ಊರು ಮುಳುಗಿದ ದಿನ ಮನೆಯಿಂದ ಕೆಲಸ ನಡೆಯುತ್ತದೆ, ಬಿಸಿಲು ಬಂದ ಮಾರನೇ ದಿನ ನಡೆಯುವುದಿಲ್ಲ. ಇದನ್ನು ನಮ್ಮ ಹುಡುಗರು ನನ್ನನ್ನು ಕೇಳಿದರೆ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಹಾಗಂತ ಕಂಪನಿಯ ಮಾತಿನಲ್ಲಿ ಹುರುಳಿಲ್ಲ ಅನ್ನಬೇಡಿ. 2021ರಲ್ಲಿ ಕಾಲೇಜಿನಿಂದ ನೇರ ಬಂದ ಫ್ರೆಶರ್‌ಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪಕ್ಕದಲ್ಲಿ ಕೂತ ಸೀನಿಯರ್ ಗ್ರಾಹಕರ ಜೊತೆ ಹೇಗೆ ಮಾತಾಡುತ್ತಾರೆ, ತಪ್ಪಾದಾಗ ಯಾರಿಗೆ ಮೊದಲು ಹೇಳಬೇಕು, ಸುಮ್ಮನಿರಬೇಕಾದ್ದು ಯಾವಾಗ, ಇದೆಲ್ಲ ಜೂಮ್‌ನಲ್ಲಿ ಬರುವುದಿಲ್ಲ. ಸಣ್ಣ ಸಂಶಯ ಬಂದರೂ ಮೀಟಿಂಗ್ ಹಾಕಬೇಕು ಅಂದರೆ ಯಾವ ಹೊಸ ಹುಡುಗ ಕೇಳುತ್ತಾನೆ? ಎರಡೆರಡು ಕಂಪನಿಯಲ್ಲಿ ಒಟ್ಟಿಗೆ ಕೆಲಸ ಮಾಡಿದವರೂ ಇದ್ದರು, 2022ರಲ್ಲಿ ವಿಪ್ರೋ ಹಾಗೆ ಸಿಕ್ಕಿಬಿದ್ದ 300 ಜನರನ್ನು ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಬ್ಯಾಂಕು, ವಿಮೆ ಗ್ರಾಹಕರ ಕೆಲಸ ಮಾಡುವ ತಂಡಗಳು ಆ ಗ್ರಾಹಕರಿಗೆಂದೇ ಮೀಸಲಿಟ್ಟ ಕೋಣೆಯ ಒಳಗೆ ಕೂತೇ ಮಾಡಬೇಕು ಅನ್ನುವ ಕರಾರು ಇರುತ್ತದೆ. ಆ ಕೋಣೆಗೆ ಬೇರೆ ತಂಡದವರ ಕಾರ್ಡ್ ಕೂಡ ಕೆಲಸ ಮಾಡುವುದಿಲ್ಲ. ಅಂಥ ಕೆಲಸದಲ್ಲಿ ಎಚ್‌ಆರ್ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ, ಪ್ರಾಜೆಕ್ಟ್ ಬದಲಿಸಿಕೊಳ್ಳಿ.

ಇನ್ನು ಊರಿನಿಂದ ಕೆಲಸ ಮಾಡುವವರೂ ಒಂದಿಷ್ಟು ಪ್ರಾಮಾಣಿಕವಾಗಿ ಮಾತಾಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಫೈಬರ್ ಮೇಲೆ ಮರ ಬಿದ್ದರೆ ಕೇಬಲ್‌ನವನು ಬರುವವರೆಗೆ ಮೊಬೈಲ್ ಹಿಡಿದು ಗುಡ್ಡ ಹತ್ತಬೇಕು. ಇನ್ವರ್ಟರ್ ಎಷ್ಟು ಗಂಟೆ ಬರುತ್ತದೆ, ಎರಡನೇ ನೆಟ್ ಯಾವುದು ಅಂತ ಮೊದಲೇ ಹೇಳಿದವರ ಮೇಲೆ ಮ್ಯಾನೇಜರ್‌ಗೆ ನಂಬಿಕೆ ಬರುತ್ತದೆ. ಪ್ರತಿ ಸಲವೂ 'ಸಾರಿ, ನೆಟ್‌ವರ್ಕ್ ಇಶ್ಯೂ' ಅಂದವರ ಮೇಲೆ ಬರುವುದಿಲ್ಲ.

ಮನೆಯಿಂದ ಕೆಲಸ ಮಾಡಿದರೆ ಕೆಲಸ ಕೆಡುತ್ತದೆಯೇ ಅನ್ನುವುದಕ್ಕೆ ಗಟ್ಟಿ ಅಧ್ಯಯನಗಳೂ ಇವೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ 1,612 ಉದ್ಯೋಗಿಗಳನ್ನು ಹುಟ್ಟಿದ ದಿನಾಂಕ ಸರಿಯೋ ಬೆಸವೋ ಅಂತ ನೋಡಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ವಾರದಲ್ಲಿ ಎರಡು ದಿನ ಮನೆ, ಇನ್ನೊಂದಕ್ಕೆ ಐದೂ ದಿನ ಆಫೀಸು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಟ್ಟು ಹೋಗುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು, ಅದರಲ್ಲೂ ಹೆಂಗಸರು ಮತ್ತು ದೂರದಿಂದ ಬರುವವರು. ಇದೇ ಬ್ಲೂಮ್ ಅದೇ ಕಂಪನಿಯ ಕಾಲ್ ಸೆಂಟರ್‌ನಲ್ಲಿ 2010ರ ಸುಮಾರಿಗೆ ಇನ್ನೊಂದು ಪ್ರಯೋಗ ಮಾಡಿದ್ದರು. ಅದರಲ್ಲಿ ವಾರಕ್ಕೆ ನಾಲ್ಕು ದಿನ ಮನೆ. ಕೆಲಸ ಶೇ 13ರಷ್ಟು ಹೆಚ್ಚಿತು. ಆದರೂ ಪ್ರಯೋಗ ಮುಗಿದಾಗ ಮನೆಯಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ತಾವಾಗಿಯೇ ಆಫೀಸಿಗೆ ವಾಪಸ್ ಬಂದರು. ಒಂಟಿ ಅನ್ನಿಸುತ್ತದೆ ಅಂದರು. ನಾನು ಇದನ್ನು ಎರಡೂ ಕಡೆಯವರಿಗೆ ಹೇಳುತ್ತೇನೆ, ಇಬ್ಬರೂ ತಮಗೆ ಬೇಕಾದ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ.

ಈಗ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ನಮ್ಮ ಉದ್ಯಮದಲ್ಲಿ ಕೆಲಸ ಬಿಡಬೇಕಾದರೆ ಸಾಮಾನ್ಯವಾಗಿ 60 ಅಥವಾ 90 ದಿನದ ನೋಟಿಸ್ ಕೊಡಬೇಕು. ಯಾಕೆ ಅಂತ ಕೇಳಿದರೆ, ಕಂಪನಿಗೆ ಬದಲಿ ಜನ ಹುಡುಕಲು, ಕೆಲಸ ಕಲಿಸಲು ಸಮಯ ಬೇಕಲ್ಲ ಅನ್ನುತ್ತಾರೆ. ಸರಿಯಾದ ಮಾತು. ಅದೇ ಕಂಪನಿ ಸಿರಸಿಯಲ್ಲಿರುವ ಉದ್ಯೋಗಿಗೆ 15 ದಿನದಲ್ಲಿ ಬೆಂಗಳೂರಿಗೆ ಬಾ ಅನ್ನುತ್ತದೆ. ಮನೆ ಹುಡುಕಬೇಕು, ಅಡ್ವಾನ್ಸ್ ಹೊಂದಿಸಬೇಕು, ಶಾಲೆಯ ವರ್ಷದ ಮಧ್ಯದಲ್ಲಿ ಮಗುವಿನ ಟಿಸಿ ತರಬೇಕು, ಹೆಂಡತಿ ಅಲ್ಲೇ ಕೆಲಸ ಮಾಡುತ್ತಿದ್ದರೆ ಸಂಸಾರ ಎರಡಾಗಬೇಕು. ಒಂದು ಕಂಪನಿಗೆ ಒಬ್ಬ ಟೆಸ್ಟರ್ ಬದಲಿಸಲು ಮೂರು ತಿಂಗಳು ಬೇಕು, ಒಂದು ಸಂಸಾರಕ್ಕೆ ಊರು ಬದಲಿಸಲು ಎರಡು ವಾರ ಸಾಕು! ಯಾವ ನ್ಯಾಯ ಇದು? ನಾನು ಹಿಂದೆ ಇದ್ದ ಒಂದು ಕಂಪನಿಯ ಮೀಟಿಂಗ್‌ನಲ್ಲಿ ಇದನ್ನು ಹೇಳಿದಾಗ ಮೇಲಿನವರು 'ಗುಡ್ ಪಾಯಿಂಟ್' ಅಂದು ಮುಂದಿನ ಸ್ಲೈಡ್‌ಗೆ ಹೋದರು.

ಹಾಗಾಗಿ ಮೊದಲು ಕೇಳಬೇಕಾದ್ದು ಇದನ್ನೇ. ನಾನು ಬಿಡಲು ಎಷ್ಟು ದಿನದ ನೋಟಿಸ್ ಕೊಡಬೇಕೋ, ನನ್ನ ಕೆಲಸದ ಜಾಗ ಬದಲಿಸಲು ಕಂಪನಿಯೂ ಅಷ್ಟೇ ದಿನದ ನೋಟಿಸ್ ಕೊಡಬೇಕು, ಅದು ಪತ್ರದಲ್ಲಿ ಇರಬೇಕು. ಇದನ್ನು ಕೇಳಲು ಯೂನಿಯನ್ ಬೇಕಿಲ್ಲ, ಧೈರ್ಯ ಒಂದಿದ್ದರೆ ಸಾಕು. ಬೇಡಿಕೆ ಇರುವ ಕೌಶಲ ನಿಮ್ಮಲ್ಲಿದ್ದರೆ ಸೇರುವ ಮೊದಲೇ ಕೇಳಿ. ಸೇರಿದ ಮೇಲೆ ನಿಮ್ಮ ಕೈ ಕೆಳಗಾಗುತ್ತದೆ, ಇದನ್ನು ಎಚ್‌ಆರ್ ಆಗಿಯೇ ಹೇಳುತ್ತಿದ್ದೇನೆ.

ಎರಡನೆಯದು ಮ್ಯಾನೇಜರ್ ಬದಲಾಗುವ ವಿಷಯ. ಇದನ್ನು ಹೊರಗಿನವರು ಯಾರೂ ಬರೆಯುವುದಿಲ್ಲ, ಆದರೆ ನನ್ನ ಟೇಬಲ್‌ಗೆ ಬರುವ ಹೆಚ್ಚಿನ ಜಗಳ ಇದರದ್ದೇ. ಒಳ್ಳೆಯ ಮ್ಯಾನೇಜರ್ ಒಬ್ಬರು 'ಸರಿ ಬಿಡಮ್ಮ, ನೀನು ಸೋಮವಾರ ಶುಕ್ರವಾರ ಮನೆಯಿಂದ ಮಾಡು, ನಾನು ನೋಡ್ಕೋತೀನಿ' ಅಂದಿರುತ್ತಾರೆ. ಎರಡು ವರ್ಷ ಚೆನ್ನಾಗಿಯೇ ನಡೆಯುತ್ತದೆ. ಅವರು ಕೆಲಸ ಬಿಡುತ್ತಾರೆ. ಹೊಸಬರು ಬಂದು ಸ್ವೈಪ್ ರಿಪೋರ್ಟ್ (ಆಫೀಸಿನ ಬಾಗಿಲಲ್ಲಿ ಕಾರ್ಡ್ ತೋರಿಸಿದ ಲೆಕ್ಕ) ತೆಗೆದು ನೋಡಿ 'ಇವರ ಹಾಜರಾತಿ ಇಷ್ಟೇಯಾ?' ಅನ್ನುತ್ತಾರೆ. ಆ ಹೆಣ್ಣುಮಗಳು ಒಂದೇ ದಿನದಲ್ಲಿ ಒಳ್ಳೆಯ ಕೆಲಸಗಾರ್ತಿಯಿಂದ ಶಿಸ್ತಿಲ್ಲದವಳಾಗುತ್ತಾಳೆ. ಎರಡು ಸಾಲಿನ ಒಂದು ಮೇಲ್ ಇದ್ದಿದ್ದರೆ ಸಾಕಿತ್ತು. ಮ್ಯಾನೇಜರ್ ಬರೆಯಲು ಹಿಂದೆಮುಂದೆ ನೋಡಿದರೆ ನೀವೇ ಬರೆಯಿರಿ: 'ನಿನ್ನೆ ಮಾತಾಡಿದಂತೆ ಇಂತಿಂಥ ದಿನ ಮನೆಯಿಂದ ಕೆಲಸ ಮಾಡುತ್ತೇನೆ, ಬೇರೆ ಏನಾದರೂ ಇದ್ದರೆ ತಿಳಿಸಿ.' ಎಚ್‌ಆರ್‌ಗೆ ಒಂದು ಪ್ರತಿ ಹಾಕಿ. ನಾವು ಅದನ್ನು ಕಡತಕ್ಕೆ ಹಾಕುತ್ತೇವೆ.

ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. ಒಬ್ಬರು ಇಡೀ ಜಗತ್ತಿನಲ್ಲಿ ಯಾವ ಯಾವ ಕಂಪನಿ ಮನೆಯಿಂದ ಕೆಲಸ ಕೊಟ್ಟಿದೆ ಅಂತ ಉದ್ದ ಮೇಲ್ ಬರೆದು ಸಿಇಒವರೆಗೆ ಎಲ್ಲರಿಗೂ ಕಳಿಸಿದರು. ಓದಿದವರೆಲ್ಲ ಕಂಪನಿಯನ್ನು ಸಮರ್ಥಿಸಿಕೊಳ್ಳಲು ನಿಂತುಬಿಟ್ಟರು, ಕೇಳಿದ್ದು ಸಿಗಲಿಲ್ಲ. ಇನ್ನೊಬ್ಬರಿಗೆ ಶಿವಮೊಗ್ಗದಲ್ಲಿ ಅತ್ತೆಯ ಡಯಾಲಿಸಿಸ್. ಆಕೆ ಒಂದೇ ಪುಟ ಬರೆದು ತಂದರು. ತನ್ನ ಕೆಲಸದಲ್ಲಿ ಯಾವುದು ಒಬ್ಬಳೇ ಕೂತು ಮಾಡುವಂಥದ್ದು, ಯಾವುದಕ್ಕೆ ತಂಡ ಬೇಕು, ಗ್ರಾಹಕರ ಜೊತೆ ಮಾತಾಡುವ ಹೊತ್ತು ಯಾವುದು, ಪ್ರತಿ ತಿಂಗಳ ಕೊನೆಯ ವಾರ ಸಾಫ್ಟ್‌ವೇರ್ ರಿಲೀಸ್ ಇರುವುದರಿಂದ ಆ ವಾರ ಪೂರ್ತಿ ಬೆಂಗಳೂರಿನಲ್ಲಿ ಇರುತ್ತೇನೆ, ಮೂರು ತಿಂಗಳು ನೋಡಿ, ಸರಿ ಹೋಗದಿದ್ದರೆ ಮತ್ತೆ ಮಾತಾಡೋಣ. ಅವರ ಮ್ಯಾನೇಜರ್ ಓದಿ 'ಇದರಲ್ಲಿ ಬೇಡ ಅನ್ನಲು ಏನಿದೆ ಮೇಡಂ?' ಅಂತ ನನ್ನನ್ನೇ ಕೇಳಿದರು. ಏನೂ ಇರಲಿಲ್ಲ. ಒಪ್ಪಿದರು.

ಖರ್ಚಿನ ಮಾತು ಎತ್ತಲು ನಮ್ಮ ಜನ ನಾಚಿಕೊಳ್ಳುತ್ತಾರೆ. ಯಾಕೆ ನಾಚಿಕೆ? ಮನೆಯಲ್ಲಿದ್ದರೆ ನೆಟ್, ಕರೆಂಟ್, ಕುರ್ಚಿ ಯಾರ ಲೆಕ್ಕ? ಆಫೀಸಿಗೆ ಬರಬೇಕಾದರೆ ಕ್ಯಾಬ್ ಇದೆಯೇ, ಇಲ್ಲವೇ? ಕೋವಿಡ್‌ಗೆ ಮುಂಚೆ ಕ್ಯಾಬ್ ಕೊಡುತ್ತಿದ್ದ ಎಷ್ಟೋ ಕಂಪನಿಗಳು ಜನರನ್ನು ವಾಪಸ್ ಕರೆದವು, ಕ್ಯಾಬ್ ಮಾತ್ರ ವಾಪಸ್ ಬರಲಿಲ್ಲ. ಇನ್ಫೋಸಿಸ್ 2024ರಲ್ಲಿ ಹುಬ್ಬಳ್ಳಿ ಕ್ಯಾಂಪಸ್‌ಗೆ ಹೋಗಲು ಒಪ್ಪುವವರಿಗೆ ಹುದ್ದೆಗೆ ತಕ್ಕಂತೆ ಗರಿಷ್ಠ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡುವುದಾಗಿ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಒಳ್ಳೆಯ ಕೆಲಸ. ಊರು ಬದಲಿಸುವುದಕ್ಕೆ ಖರ್ಚಾಗುತ್ತದೆ ಅಂತ ಕಂಪನಿಗಳಿಗೆ ಗೊತ್ತಿದೆ ಅಂತಾಯಿತು. ಹಾಗಾದರೆ ಊರಿನಿಂದ ಬೆಂಗಳೂರಿಗೆ ಕರೆಸಿಕೊಳ್ಳುವಾಗಲೂ ಲಾರಿ ಬಾಡಿಗೆಯಷ್ಟಾದರೂ ಕೇಳುವುದರಲ್ಲಿ ತಪ್ಪೇನಿದೆ?

ಬಾಣಂತನ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಒಂದು ಮಾತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ 26 ವಾರದ ರಜೆಯ ವಿಷಯ ಎಲ್ಲರಿಗೂ ಗೊತ್ತು. ರಜೆ ಮುಗಿದ ಮೇಲೆ ಕೆಲಸದ ಸ್ವರೂಪಕ್ಕೆ ಹೊಂದುವುದಾದರೆ, ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಬಹುದು ಅಂತಲೂ ಅದರಲ್ಲಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು ಅಂತಲೂ ಇದೆ. ಇದು ಕೋವಿಡ್‌ಗಿಂತ ಮೂರು ವರ್ಷ ಹಿಂದಿನ ಕಾನೂನು. ಆದರೂ ಇದನ್ನು ಹೆಸರು ಹಿಡಿದು ಕೇಳುವವರು ತುಂಬಾ ಕಡಿಮೆ. ರಜೆಗೆ ಹೋಗುವ ಮೊದಲೇ ಕೇಳಿ, ವಾಪಸ್ ಬಂದ ದಿನ ಅಲ್ಲ.

ಸರ್ಕಾರಕ್ಕೂ ಒಂದಿಷ್ಟು ಹೇಳಬೇಕಿದೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತಾ ಬಂದಿದ್ದರು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟರು. ಐಟಿ ನೌಕರರ ಸಂಘ ವಿರೋಧಿಸಿತು. ಆ ವಿನಾಯಿತಿ ಸುಮ್ನೆ ಕೊಟ್ಟಿದ್ದಲ್ಲ, ಷರತ್ತುಗಳಿದ್ದವು. ಉದ್ಯೋಗಿಗಳ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿ ಇರುವ ದೂರು ಪರಿಹಾರ ಸಮಿತಿ ಇರಬೇಕು ಅನ್ನುವುದು ಅದರಲ್ಲೊಂದು. ನಿಮ್ಮ ಕಂಪನಿಯ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ನಾಳೆ ನಿಮ್ಮ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ. ನನ್ನ ವೃತ್ತಿಯವರು ನನ್ನನ್ನು ಬೈದುಕೊಳ್ಳಲಿ, ಪರವಾಗಿಲ್ಲ.

2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಸೇವಾ ವಲಯದ ಮಾದರಿ ಸ್ಥಾಯಿ ಆದೇಶದ ಕರಡಿನಲ್ಲೂ ಮನೆಯಿಂದ ಕೆಲಸದ ಮಾತು ಇತ್ತು. ನೇಮಕಾತಿಯ ಷರತ್ತು ಅಥವಾ ಇಬ್ಬರ ನಡುವಿನ ಒಪ್ಪಂದಕ್ಕೆ ತಕ್ಕಂತೆ ಮಾಲೀಕರು ಅವಕಾಶ ಕೊಡಬಹುದು ಅಂತ. ಅಂದರೆ ಸುತ್ತಿ ಬಳಸಿ ಮತ್ತೆ ನೇಮಕಾತಿ ಪತ್ರಕ್ಕೇ ಬಂತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ ಆಗಿದೆ. ಪತ್ರ ಕೊಡಲೇಬೇಕು ಅಂದಮೇಲೆ ಅದರಲ್ಲಿ ಕೆಲಸದ ಜಾಗದ ಬಗ್ಗೆ ನಾಲ್ಕು ಸಾಲು ಸ್ಪಷ್ಟವಾಗಿ ಬರೆಯಿರಿ ಅಂತ ರಾಜ್ಯದ ಕಾರ್ಮಿಕ ಇಲಾಖೆ ಒಂದು ಮಾದರಿ ಮಾಡಿ ಕೊಡಬಹುದಲ್ವಾ? ಮನೆಯೋ, ಆಫೀಸೋ, ಎರಡೂ ಸೇರಿಯೋ. ಯಾವ ದಿನ ಅಂತ ಯಾರು ನಿರ್ಧರಿಸುತ್ತಾರೆ. ಬದಲಿಸಬೇಕಾದರೆ ಎಷ್ಟು ದಿನದ ನೋಟಿಸ್. ಖರ್ಚು ಯಾರದ್ದು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೆಲಸದ ಹೊತ್ತು, ಜಾಗ ಬದಲಿಸಿ ಅಂತ ಉದ್ಯೋಗಿ ಅರ್ಜಿ ಕೊಡಬಹುದು. ಕಂಪನಿ ಎರಡು ತಿಂಗಳೊಳಗೆ ತೀರ್ಮಾನ ಹೇಳಬೇಕು, ಬೇಡ ಅನ್ನುವ ಮೊದಲು ಕೂರಿಸಿ ಮಾತಾಡಬೇಕು, ಬೇಡ ಅನ್ನಲು ಕಾನೂನಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ಕೊಡಬೇಕು. ಗಮನಿಸಿ, ಇದು ಮನೆಯಿಂದ ಕೆಲಸ ಮಾಡುವ ಹಕ್ಕಲ್ಲ. ಕೇಳುವ ಹಕ್ಕು, ಉತ್ತರ ಪಡೆಯುವ ಹಕ್ಕು. ಕಂಪನಿಗೆ ಬೇಡ ಅನ್ನುವ ಅಧಿಕಾರ ಹಾಗೇ ಇದೆ. ಇಷ್ಟನ್ನು ಇಲ್ಲಿ ತಂದರೆ ಯಾವ ಉದ್ಯಮಿಯೂ ಊರು ಬಿಟ್ಟು ಓಡಿಹೋಗುವುದಿಲ್ಲ. ಓಡಿಹೋಗುವವರು ರಸ್ತೆಗುಂಡಿ ನೋಡಿ ಓಡಿಹೋಗುತ್ತಾರೆ, ಅದು ಬೇರೆ ವಿಷಯ.

ಕಂಪನಿ ನಡೆಸುವವರು ಇದನ್ನು ಓದುತ್ತಿದ್ದರೆ ಅವರಿಗೆ ಇಷ್ಟು ಹೇಳುತ್ತೇನೆ. ಸ್ವೈಪ್ ಎಣಿಸಿದರೆ ಸ್ವೈಪ್ ಸಿಗುತ್ತದೆ. ಹನ್ನೊಂದಕ್ಕೆ ಬಂದು ಕಾರ್ಡ್ ತೋರಿಸಿ, ಕಾಫಿ ಕುಡಿದು, ಮಧ್ಯಾಹ್ನ ಊಟದ ಮೇಲೆ ಟ್ರಾಫಿಕ್ ಏರುವ ಮೊದಲೇ ಹೊರಡುವವರನ್ನು ನಾನು ದಿನವೂ ನೋಡುತ್ತೇನೆ. ಅವರ ಹಾಜರಾತಿ ಶೇ 100. ಇಡೀ ತಂಡ ಒಂದೇ ದಿನ ಬಂದರೆ ಅರ್ಥ ಇದೆ. ಒಬ್ಬೊಬ್ಬರು ಒಂದೊಂದು ದಿನ ಬಂದು, ಹೆಡ್‌ಫೋನ್ ಹಾಕಿಕೊಂಡು, ಪುಣೆಯವರ ಜೊತೆ ಟೀಮ್ಸ್‌ನಲ್ಲಿ ಮಾತಾಡಿ ಹೋಗುವುದಾದರೆ ಬಾಡಿಗೆ ಕೊಟ್ಟು ಆಫೀಸು ಇಟ್ಟಿರುವುದು ಯಾಕೆ? ಯಾವ ಕೆಲಸಕ್ಕೆ ಜನ ಎದುರುಬದುರು ಬೇಕು ಅಂತ ತಂಡದವರನ್ನೇ ಕೂರಿಸಿ ಕೇಳಿ. ನಮ್ಮಲ್ಲಿ ಒಂದು ತಂಡವನ್ನು ಕೇಳಿದಾಗ, ಮ್ಯಾನೇಜರ್ ಎರಡು ದಿನ ಸಾಕು ಅಂದುಕೊಂಡಿದ್ದರು, ಹುಡುಗರೇ ಪ್ಲ್ಯಾನಿಂಗ್ ವಾರದಲ್ಲಿ ನಾಲ್ಕು ದಿನ ಬರುತ್ತೇವೆ, ಉಳಿದ ವಾರ ಒಂದು ದಿನ ಸಾಕು ಅಂದರು. ಹಾಗೇ ಬರೆದುಕೊಂಡೆವು. ಮೇಲಿನವರ ಸಹಿ ಬೀಳಲು ಸ್ವಲ್ಪ ತಡವಾಯಿತು, ಬಿತ್ತು.

ಸದ್ಯ ಕೆಲಸ ಹುಡುಕುತ್ತಿರುವವರಿಗೆ: ಇಂಟರ್‌ವ್ಯೂ ಮುಗಿದ ಮೇಲೆ 'ನಿಮ್ಮ ಪ್ರಶ್ನೆ ಏನಾದರೂ ಇದೆಯಾ' ಅಂತ ಕೇಳುತ್ತಾರಲ್ಲ, ಆಗ ಕೆಲಸದ ಜಾಗದ ಬಗ್ಗೆ ಆಫರ್ ಲೆಟರ್‌ನಲ್ಲಿ ಏನು ಬರೆಯುತ್ತೀರಿ ಅಂತ ಕೇಳಿ. 'ಅದೆಲ್ಲ ಸೇರಿದ ಮೇಲೆ ಮ್ಯಾನೇಜರ್ ಜೊತೆ ಮಾತಾಡ್ಕೊಳ್ಳಿ' ಅಂದರೆ ಐದು ದಿನ ಆಫೀಸು ಅಂತಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಸಂಬಳ ಕೇಳಿ.

ಇಂತಿ,
ಎಚ್‌ಆರ್ ಉದ್ಯೋಗಿಯೊಬ್ಬರು
ಬೆಂಗಳೂರು

(ಸಂಪಾದಕರಲ್ಲಿ ವಿನಂತಿ: ನನ್ನ ಹೆಸರು, ಕಂಪನಿಯ ಹೆಸರು ಹಾಕಬೇಡಿ. ಕಾರಣ ನಿಮಗೆ ಗೊತ್ತೇ ಇದೆ.)